ಮೀನು ತಿನ್ನದವರ ತಕ್ಕಡಿ

ನಮ್ಮ ಭಾವ ಶಂಕರಲಿಂಗಪ್ಪನವರು ಹುಟ್ಟಿದಾರಭ್ಯ ಮೀನು ಬಾಯಿಗಿಟ್ಟವರಲ್ಲ. ಮೀನಿನ ಬುಟ್ಟಿ ಬೀದಿಯಲ್ಲಿ ಹೋದರೆ ಬಾಗಿಲು ಹಾಕಿಕೊಳ್ಳುವ ಮನೆತನ ನಮ್ಮದು. ಇಂಥ ಮನುಷ್ಯ ಮಾಳಮ್ಮನ ಕೆರೆ ಏರಿಯ ಮೇಲೆ ನಿಂತು ಎರಡು ರಾಜ್ಯದವರಿಗೆ ಮೀನು ತೂಗಿ ಹಂಚುತ್ತಾರೆ ಅಂದರೆ ಯಾರು ನಂಬುತ್ತಾರೆ? ಪಾವಗಡದ ನನ್ನ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳಿದರೆ, ‘ಪ್ರಭುದೇವಣ್ಣ, ಸೀರೆ ತೋರಿಸಿ, ಕಥೆ ಬೇಡ’ ಅನ್ನುತ್ತಾರೆ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಸೀರೆ ಮಡಿಸಿ ಒಳಗಿಟ್ಟು ಕಥೆಯನ್ನೇ ಹೇಳುತ್ತೇನೆ.

ಕೆರೆ ಇರುವುದು ಪಾವಗಡ ತಾಲ್ಲೂಕಿನ ಅಂಚಿನಲ್ಲಿ. ಏರಿ, ತೂಬು, ಮೆಟ್ಟಿಲು ಇವೆಲ್ಲ ಭಾವನ ಊರು ಬಿಲ್ವದಹಳ್ಳಿಗೆ ಸೇರಿದ್ದು. ಹಿನ್ನೀರು, ಹಳ್ಳ ಬಂದು ಕೂಡುವ ಮೂಲೆ, ಅಲ್ಲಿನ ಜೊಂಡು ಎಲ್ಲ ಆಂಧ್ರದ ಕುಂಟಪಲ್ಲಿಯದು. ಮೀನು ಬೆಳಿಗ್ಗೆ ಕರ್ನಾಟಕದಲ್ಲಿ ಮೇಯುತ್ತದೆ, ಸಂಜೆ ಆಂಧ್ರಕ್ಕೆ ಹೋಗಿ ಮಲಗುತ್ತದೆ. ಟಿಕೆಟ್ ಕೇಳುವವರಿಲ್ಲ. ಹಿಡಿದ ಮೀನು ಎರಡೂ ಊರಿಗೆ ಸರಿಪಾಲು ಎನ್ನುವುದು ಅಜ್ಜಂದಿರ ಕಾಲದ ಮಾತು. ಆದರೆ ಆ ಸರಿಪಾಲು ಯಾವತ್ತೂ ಸರಿಯಾಗಿ ಆದದ್ದಿಲ್ಲ. ನಮ್ಮವರು ತೂಗಿದರೆ ಅವರಿಗೆ ಅನುಮಾನ, ಅವರು ತೂಗಿದರೆ ನಮ್ಮವರಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ.

ಒಂದು ವರ್ಷ ಬಲೆ ಎಳೆದ ದಿನ ಜಗಳ ಕೈಗೆ ಹತ್ತಿತು. ನಮ್ಮ ಕಡೆಯ ಬೈರಪ್ಪ, ಆ ಕಡೆಯ ಗಂಗುಲಪ್ಪ, ಇಬ್ಬರೂ ತಂತಮ್ಮ ಊರಿನ ಮೀನುಗಾರರಿಗೆ ಮುಂದಾಳುಗಳು. ಒಬ್ಬ ಹುಟ್ಟು ಎತ್ತಿದ, ಇನ್ನೊಬ್ಬ ತಕ್ಕಡಿಯ ಬಟ್ಟನ್ನೇ ಎತ್ತಿದ. ಆಗ ಬೈರಪ್ಪನ ತಾಯಿ ಮಾರಕ್ಕ ನಡುವೆ ನುಗ್ಗಿದಳಂತೆ. “ತಿನ್ನೋರ ಕೈಗೆ ತಕ್ಕಡಿ ಕೊಟ್ರೆ ಇಂಗೇ ಆಗೋದು ಕಣ್ರಲಾ. ದೊಡ್ ಮೀನು ಕಂಡೇಟ್ಗೆ ಕೈ ಬಗ್ತದೆ. ತಿನ್ನದಿರೋರ ಕೈಗೆ ಕೊಟ್ಟು ನೋಡ್ರಿ, ಆ ಶಂಕರಲಿಂಗಪ್ಪಾರ್ಗೆ!” ಅಂದಳು. ನೂರು ವರ್ಷದಲ್ಲಿ ಮೊದಲ ಸಲ ಎರಡೂ ಊರು ಒಂದು ಮಾತಿಗೆ ತಲೆಯಾಡಿಸಿದವು.

ಎರಡೂ ಕಡೆಯವರು ಮನೆ ಮುಂದೆ ಬಂದು ನಿಂತಾಗ ಭಾವ ದೇವರ ಕೋಣೆ ಸೇರಿಕೊಂಡರು. ಹೊರಗೆ ಬಂದವಳು ನಮ್ಮಕ್ಕ ಶಿವರುದ್ರಮ್ಮ. ವಿಷಯ ಕೇಳಿ ಅವಳು ಕೂಗಿದ್ದು ಕುಂಟಪಲ್ಲಿಗೂ ಕೇಳಿಸಿರಬೇಕು.

“ಮೀನಿನ ತಕ್ಕಡಿ ಹಿಡ್ದ ಕೈನಾಗೆ ಲಿಂಗಪೂಜೆ ಮಾಡ್ತೀರೇನ್ರೀ? ಶಿವಶಿವಾ!”

“ತೂಗಾಕೆ ಕರೀತಾವ್ರೆ ಕಣೇ, ತಿನ್ನಾಕಲ್ಲ,” ಅಂದರು ಭಾವ ಒಳಗಿನಿಂದಲೇ. “ಒಡೆದಾಡಿ ಒಬ್ರ ತಲೆ ಒಬ್ರು ಒಡ್ಕಂಡ್ರೆ ಆ ಪಾಪ ಯಾರ್ಗೆ?”

ಕೊನೆಗೆ ಅಕ್ಕನೂ ಒಪ್ಪಿದಳು, ಆದರೆ ಷರತ್ತು ಹಾಕಿದಳು. ತಕ್ಕಡಿ ಹೊಸಿಲು ದಾಟಬಾರದು, ಆ ದಿನದ ಅಂಗಿ ಹುಣಸೆ ಕೊಂಬೆಗೇ ನೇತುಹಾಕಬೇಕು, ತೊಟ್ಟಿಯ ಹತ್ತಿರ ಸ್ನಾನವಾಗುವ ತನಕ ಮಾತಾಡಿಸಬಾರದು. ಭಾವ ಮೂಗಿಗೆ ಟವಲು ಕಟ್ಟಿಕೊಂಡು ಏರಿಗೆ ಹೋದರು. ಕಾಟ್ಲಾ ಯಾವುದು, ರೋಹು ಯಾವುದು, ಗೆಂಡೆ ಯಾವುದು ಅಂತ ಬೈರಪ್ಪನನ್ನು ಕೇಳಿ ಕಲಿತರು. ಮುಳ್ಳು ನೆಟ್ಟಗೆ ನಿಲ್ಲುವ ತನಕ ಉಸಿರು ಬಿಡುತ್ತಿರಲಿಲ್ಲ. ಅದು ವಾಸನೆಗೋ ನ್ಯಾಯಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂತೂ ಆವತ್ತಿನಿಂದ ತೂಕದ ಜಗಳ ನಿಂತಿತು.

ಭಾವನ ಇನ್ನೊಂದು ಗುಣ ಹೇಳದಿದ್ದರೆ ಈ ಕಥೆ ಮುಂದೆ ಹೋಗುವುದಿಲ್ಲ. ಅವರಿಗೆ ಅನ್ನ ದಂಡವಾದರೆ ಜೀವ ಹೋದಂತೆ. ಎಲೆಯಲ್ಲಿ ಒಂದಗುಳು ಬಿಟ್ಟವರನ್ನು ಬಿಡುವುದಿಲ್ಲ. ಗೊರವನಹಳ್ಳಿ ಲಕ್ಷ್ಮಿ ದರ್ಶನಕ್ಕೆ ಹೋದಾಗ ಊಟದ ಸಾಲಿನಲ್ಲಿ ಪಕ್ಕದವರೊಬ್ಬರು ಅರ್ಧ ಎಲೆ ಅನ್ನ ಬಿಟ್ಟು ಏಳುತ್ತಿದ್ದರು. ಭಾವ ಅವರ ಕೈ ಹಿಡಿದು ಕೂರಿಸಿ, “ಮೊದ್ಲು ಉಣ್ರಿ, ಆಮ್ಯಾಕೆ ಎದ್ದೇಳಿ” ಅಂದರು. ಆ ಮನುಷ್ಯ ಪೊಲೀಸ್ ಇನ್ಸ್‌ಪೆಕ್ಟರು ಅಂತ ಹೊರಗೆ ಬಂದ ಮೇಲೆ ತಿಳಿಯಿತು. ನಾನು ಗುಂಪಿನಲ್ಲಿ ಮುಖ ಮರೆಸಿಕೊಂಡೆ. ಭಾವ ಮಾತ್ರ, “ಉಂಡ್ನಲ್ಲ, ಬುಡು” ಅಂದು ಬಸ್ಸು ಹತ್ತಿದರು.

ತೂಕದ ಜಗಳ ನಿಂತರೂ ಮೀನು ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತ ಬಂತು. ಆಗ ನಮ್ಮ ಕಡೆಯಿಂದ ಮೀನುಗಾರಿಕೆಯ ವಿಜ್ಞಾನಿ ಮಂಜುಶ್ರೀ ಅನ್ನುವ ಹುಡುಗಿ ಬಂದಳು. ಆ ಕಡೆಯಿಂದ ಒಬ್ಬ ಅಧಿಕಾರಿ ಬಂದರು, ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಇಬ್ಬರೂ ಒಂದೇ ಹರಿಗೋಲಿನಲ್ಲಿ ಕೂತು ಕೆರೆಯನ್ನು ಆ ದಡದಿಂದ ಈ ದಡಕ್ಕೆ ಅಳೆದರು. ಹೇಳಿದ್ದು ಇಷ್ಟು: ಹೊಸ ನೀರು ಬಂದಾಗ ಮೀನು ಮೊಟ್ಟೆ ಇಡಲು ಹಳ್ಳದ ಮೂಲೆಗೆ ಏರುತ್ತದೆ, ಬಸುರಿ ಮೀನನ್ನು ಅಲ್ಲೇ ಬುಟ್ಟಿಯಲ್ಲಿ ಬಾಚಿಕೊಂಡರೆ ಮುಂದಿನ ವರ್ಷಕ್ಕೆ ಮೀನೆಲ್ಲಿಂದ ಬರಬೇಕು? ಮಳೆಗಾಲದಲ್ಲಿ ಎರಡೂ ಊರಿನವರು ಬಲೆ ಬಿಡಬಾರದು, ಸಣ್ಣ ಕಣ್ಣಿನ ಬಲೆ ಬೇಡವೇ ಬೇಡ, ಹಳ್ಳದ ಮೂಲೆಯನ್ನು ಯಾರೂ ಮುಟ್ಟಬಾರದು. ಎರಡು ರಾಜ್ಯಕ್ಕೂ ಒಂದೇ ಕಟ್ಟಳೆ.

“ಆ ಮೂಲೆ ಅವ್ರ ಗಡಿನಾಗೈತೆ ಮೇಡಂ,” ಅಂದ ಬೈರಪ್ಪ. “ನಾವು ಬಾಯ್ ಕಟ್ಕಂಡು ಕುಂತ್ರೆ ಅವ್ರು ಬಾಚ್ಕಂತಾರೆ.”

“ನೀವೇನು, ಏರಿ ಮೀದ ಕೂತು ನೋಡ್ತಾ ಇರ್ತೀರಾ?” ಅಂದ ಗಂಗುಲಪ್ಪ, ತನ್ನ ತೆಲುಗು ಬೆರೆತ ಕನ್ನಡದಲ್ಲಿ.

ಭಾವ ಇಬ್ಬರ ನಡುವೆ ಕೈ ಎತ್ತಿದರು. ಮಳೆಗಾಲ ಪೂರ್ತಿ ಆ ಮೂಲೆ ಕಾಯುವುದು ತಮ್ಮ ಪಾಲಿನ ಕೆಲಸ ಅಂದರು. ಗಂಗುಲಪ್ಪ ತಾನೂ ಜೊತೆಗೆ ಬರುತ್ತೇನೆ ಅಂದ, ಭಾವನ ಮೇಲಿನ ನಂಬಿಕೆಯಿಂದಲೋ ಅನುಮಾನದಿಂದಲೋ. ಒಂದು ವರ್ಷದ ಮಟ್ಟಿಗೆ ಕರಾರಾಯಿತು. ಮಳೆಯಲ್ಲಿ ಒಂದೇ ಗೋಣಿ ಕೊಪ್ಪೆಯೊಳಗೆ ಇಬ್ಬರೂ ಕೂತು ಬೀಡಿ ಸೇದುವುದನ್ನು ನಾನೇ ಕಂಡಿದ್ದೇನೆ. ಅಂದರೆ ಗಂಗುಲಪ್ಪ ಬೀಡಿ ಸೇದುತ್ತಿದ್ದ, ಭಾವ ಬೈಯುತ್ತಿದ್ದರು. ಆ ವರ್ಷದ ಬಲೆಗೆ ಬಿದ್ದ ಮೀನು ನೋಡಿ ಮಾರಕ್ಕ ಏರಿಯ ಮೇಲೇ ಕೂತು ಅತ್ತಳಂತೆ.

ಆ ಕರಾರನ್ನು ಖಾಯಂ ಮಾಡುವುದಕ್ಕೆ ಎರಡೂ ರಾಜ್ಯದ ಮೀನುಗಾರಿಕೆ ಇಲಾಖೆಯವರು ಬರುವ ವಾರವೇ ಬಸವ ಜಯಂತಿ ಬಂತು. ಭಾವನ ಮನೆಯಲ್ಲಿ ಪ್ರತಿ ವರ್ಷ ಊರಿಗೆಲ್ಲ ದಾಸೋಹ. ಕೊಪ್ಪರಿಗೆಗಟ್ಟಲೆ ಚಿತ್ರಾನ್ನ, ಅನ್ನ, ಪಾಯಸ. ನನ್ನ ಹೆಂಡತಿ ಮಕ್ಕಳ ಜೊತೆ ನಾನೂ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಕೂರಿಸುವ ಹೊತ್ತಿಗೆ ಸರಿಯಾಗಿ ಗಾಳಿ ಎದ್ದಿತು, ಶಾಮಿಯಾನ ಹಾರಿತು, ಆಲಿಕಲ್ಲಿನ ಮಳೆ ಬಡಿಯಿತು. ಬರುತ್ತಿದ್ದ ಜನ ಬರಲಿಲ್ಲ. ಬಂದಿದ್ದವರು ಓಡಿದರು. ಕೊಪ್ಪರಿಗೆಗಳು ಹಾಗೇ ಕೂತವು.

ಸಂಜೆಗೆ ಭಾವನ ಮುಖ ನೋಡಲಾಗುತ್ತಿರಲಿಲ್ಲ. ಇದ್ದಬದ್ದ ಮನೆಗಳಿಗೆಲ್ಲ ಹಂಚಿದರು. ದನಗಳಿಗೆ ಹಾಕೋಣವೆಂದರೆ, ಅನ್ನ ಹೆಚ್ಚಾದರೆ ದನ ಹೊಟ್ಟೆ ಉಬ್ಬರಿಸಿ ಸಾಯುತ್ತದೆ ಅಂತ ಅಕ್ಕ ಅಡ್ಡ ನಿಂತಳು. ತಿಪ್ಪೆಗೆ ಸುರಿಯುವ ಮಾತೆತ್ತಿ ನಾನು ಸರಿಯಾಗಿ ಬೈಸಿಕೊಂಡೆ. ಆಮೇಲೆ ಭಾವನಿಗೆ ಹೊಳೆಯಿತು.

“ಕೆರೇಲಿ ಅಷ್ಟು ಮೀನವೆ. ಅವೂ ಜೀವ ಅಲ್ವೇನೋ ಪ್ರಭು? ವರ್ಷೆಲ್ಲಾ ಅವುನ್ನ ತೂಗ್ತೀನಿ, ಒಂದಿನಾನೂ ಉಣ್ಣಾಕಿಕ್ಕಿಲ್ಲ.”

ಟ್ರ್ಯಾಕ್ಟರಿನ ಟ್ರೈಲರು ತುಂಬಿಸಿ, ಮೆಟ್ಟಿಲಿನ ಹತ್ತಿರದ ಮೂಲೆಗೆ ಎಲ್ಲವನ್ನೂ ಸುರಿಸಿದರು. ಮೀನುಗಳು ಪಟಪಟನೆ ಮೇಲೆ ಬಂದು ಬಾಯಿ ಹಾಕಿದವು. ಭಾವ ಮೆಟ್ಟಿಲ ಮೇಲೆ ಕೂತು ಮಕ್ಕಳಂತೆ ನಕ್ಕರು. ನಾನೂ ನಕ್ಕೆ. ಒಳ್ಳೆಯ ಕೆಲಸವಾಯಿತು ಅಂತ ಮೋಟರ್ ಬೈಕ್ ಹತ್ತಿ ಪಾವಗಡಕ್ಕೆ ಬಂದುಬಿಟ್ಟೆ. ಆಮೇಲೆ ಅದನ್ನು ಯಾರೂ ನೆನೆಸಿಕೊಳ್ಳಲಿಲ್ಲ.

ಮೋಡ ಕವಿದ ಒಂದೆರಡು ದಿನ ಕಳೆದ ಮೇಲೆ ಬೆಳಿಗ್ಗೆ ಅಕ್ಕನ ಫೋನು ಬಂತು. “ಲೇ ಪ್ರಭು, ಬೇಗ ಬಾರೋ! ಕೆರೆ ಮೀನೆಲ್ಲಾ ಸತ್ತು ತೇಲ್ತಾವಂತೆ. ಏರಿ ಮ್ಯಾಲೆ ಎಲ್ಡೂ ಊರ್ನೋರು ದೊಣ್ಣೆ ಹಿಡ್ಕಂಡವ್ರೆ. ನಿಮ್ ಭಾವ ಒಬ್ರೇ ನಡುವ್ಕೆ ನಿಂತವ್ರೆ!”

ನಾನು ಹೋಗುವ ಹೊತ್ತಿಗೆ ಮೆಟ್ಟಿಲಿನ ಮೂಲೆ ಬೆಳ್ಳಗಾಗಿತ್ತು. ಸತ್ತ ಮೀನು ಹೊಟ್ಟೆ ಮೇಲು ಮಾಡಿ ತೇಲುತ್ತಿದ್ದವು. ಬೈರಪ್ಪನ ಕಣ್ಣು ಕೆಂಡವಾಗಿತ್ತು.

“ಇಸ ಹಾಕ್ಬುಟ್ಟವ್ರೆ ಕಣಣ್ಣಾ! ಕರಾರು ಖಾಯಂ ಆದ್ರೆ ಅವ್ರಿಗೆ ಮಳೆಗಾಲ್ದಾಗೆ ಬಾಚಾಕಾಗಲ್ವಲ್ಲ, ಅದ್ಕೇಯ!”

“ಛೀ, ಮೇಮಾ? ನಾವಾ?” ಗಂಗುಲಪ್ಪ ಎದೆ ಬಡಿದುಕೊಂಡ. “ಸತ್ತಿರೋದು ನಿಮ್ಮ ಮೂಲೆಯಾಗೆ. ಹಾಕಿರೋರೂ ನೀವೇ. ನಮ್ಮ ತಲೆಗೆ ಕಟ್ಟಿ ಕರಾರು ಮುರಿಯೋಕೆ!”

ಭಾವನಿಗೆ ಆ ದಿನ ಬಂದ ಸಿಟ್ಟನ್ನು ನಾನು ಹಿಂದೆ ನೋಡಿರಲಿಲ್ಲ. ತಕ್ಕಡಿಯನ್ನು ತರಿಸಿ ಏರಿಯ ಮೇಲೆ ನಡುವೆ ಇಟ್ಟರು.

“ಇದ್ನ ಮುಟ್ಟಿ ಹೇಳ್ರಿ ಎಲ್ರೂವೆ. ಈ ಕೆಲ್ಸ ಯಾರು ಮಾಡವ್ರೋ ಅವ್ರು ಇನ್ ಮ್ಯಾಕೆ ಈ ಕೆರೆ ತಾವ ಕಾಲಿಡಂಗಿಲ್ಲ. ನಮ್ಮೋನಾಗ್ಲಿ, ಅವ್ರೋನಾಗ್ಲಿ, ನನ್ ಹೊಟ್ಟೇಲಿ ಹುಟ್ಟಿದ್ ಮಗನೇ ಆಗ್ಲಿ. ಆದ್ರೆ ಮೇಡಮ್ಮಾರು ಬಂದು ನೀರು ನೋಡೋಗಂಟ ಯಾವನೂ ಕೈ ಎತ್ಕೂಡ್ದು.”

ಬೈರಪ್ಪ ಮುಟ್ಟಿದ. ಗಂಗುಲಪ್ಪ ಮುಟ್ಟಿದ. ಎರಡೂ ಊರಿನ ಗಂಡಸರು ಒಬ್ಬೊಬ್ಬರೇ ಬಂದು ಮುಟ್ಟಿದರು. ದೊಣ್ಣೆ ಕೆಳಗಿಳಿದವು, ಆದರೆ ಯಾರೂ ಬಿಸಾಡಲಿಲ್ಲ. ಭಾವ ನನ್ನ ಕಿವಿಯಲ್ಲಿ, “ಇಸ ಅಂತೇನಾರಾ ಬಂದ್ರೆ ಮುಗೀತು ಪ್ರಭು. ಕರಾರೂ ಹೋಯ್ತು, ಕೆರೇನೂ ಹೋಯ್ತು. ಇವ್ರು ಇನ್ನು ಮೂರ್ ತಲೆಮಾರು ಬಡಿದಾಡ್ತಾರೆ” ಅಂದರು.

ಮಂಜುಶ್ರೀ ಮತ್ತು ಆ ಕಡೆಯ ಅಧಿಕಾರಿ ಒಂದೇ ಜೀಪಿನಲ್ಲಿ ಬಂದರು. ಅದನ್ನು ಕಂಡೇ ನನಗೆ ಸ್ವಲ್ಪ ಸಮಾಧಾನವಾಯಿತು. ಒಬ್ಬರು ತೆಗೆದ ನೀರನ್ನು ಇನ್ನೊಬ್ಬರೂ ಪರೀಕ್ಷೆ ಮಾಡಿದರು. ಇಬ್ಬರ ಹತ್ತಿರವೂ ನೀರಿಗೆ ಅದ್ದುವ ಬೇರೆ ಬೇರೆ ಯಂತ್ರ. ಮೆಟ್ಟಿಲ ಹತ್ತಿರ ಅದ್ದಿದರು, ಹರಿಗೋಲಿನಲ್ಲಿ ಹೋಗಿ ನಡುನೀರಿನಲ್ಲಿ ಅದ್ದಿದರು, ಹಳ್ಳದ ಮೂಲೆಯಲ್ಲೂ ಅದ್ದಿದರು.

ವಾಪಸ್ಸು ಬಂದ ಮಂಜುಶ್ರೀ ನಗುತ್ತಿದ್ದಳು. “ಇದು ವಿಷ ಅಲ್ಲ,” ಅಂದಳು. “ನಡುನೀರಿನಲ್ಲಿ ಮೀನು ಚೆನ್ನಾಗಿದಾವೆ. ಹಳ್ಳದ ಮೂಲೆಯಲ್ಲೂ ಚೆನ್ನಾಗಿದಾವೆ. ಈ ಮೂಲೆಯಲ್ಲಿ ಮಾತ್ರ ಉಸಿರು ಕಟ್ಟಿದೆ. ನೀರಿನೊಳಗೂ ಗಾಳಿ ಇರತ್ತೆ, ಮೀನು ಅದನ್ನೇ ಉಸಿರಾಡೋದು. ತಳದಲ್ಲಿ ಏನೋ ಕೊಳೀತಾ ಇದ್ದರೆ ಆ ಗಾಳಿಯನ್ನೆಲ್ಲ ಅದೇ ತಿಂದುಬಿಡತ್ತೆ. ಬೇಸಿಗೆ ನೀರು, ಮೇಲೆ ಮೋಡ, ಅದೂ ಸೇರಿಕೊಂಡಿದೆ.”

ಆ ಕಡೆಯ ಅಧಿಕಾರಿ ತೆಲುಗಿನಲ್ಲಿ ಅದನ್ನೇ ಹೇಳಿದರು. ತಮ್ಮ ಯಂತ್ರವೂ ಅದನ್ನೇ ತೋರಿಸಿದೆ ಅಂದರು. ಅಬ್ಬಾ! ನನ್ನ ಎದೆಯ ಮೇಲಿಂದ ಒಂದು ಮೂಟೆ ಇಳಿಯಿತು. ಮಾರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಗುಲಪ್ಪನಂತೂ ಕೂತೇ ಬಿಟ್ಟ. ವಿಷವಲ್ಲ, ಕೆರೆ ಸತ್ತಿಲ್ಲ ಅನ್ನುವ ಮಾತು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಏರಿಯ ಉದ್ದಕ್ಕೂ ಹೋಯಿತು.

“ಕೊಳೀತಿರೋದು ಏನು ಅಂತ ನೋಡಿಬಿಡೋಣ,” ಅಂತ ಮಂಜುಶ್ರೀ ಉದ್ದ ಕೋಲಿನ ಬಲೆಯನ್ನು ಮೆಟ್ಟಿಲ ಬುಡಕ್ಕೆ ಇಳಿಸಿ ಎಳೆದಳು. ಮೇಲೆ ಬಂದದ್ದನ್ನು ಕಲ್ಲಿನ ಮೇಲೆ ಸುರಿದಳು. ಹುಳಿ ನಾತ ಮೂಗಿಗೆ ಬಡಿಯಿತು. ಹಳದಿ ಅನ್ನ. ಅದರಲ್ಲಿ ನೆಂದು ಉಬ್ಬಿದ ಕಡಲೆಕಾಯಿ ಬೀಜ, ಒಗ್ಗರಣೆಯ ಕರಿಬೇವು.

ನಮ್ಮಕ್ಕನ ಚಿತ್ರಾನ್ನ ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ನಾನು ಭಾವನ ಮುಖ ನೋಡಿದೆ. ಬೈರಪ್ಪನೂ ನೋಡಿದ. ಬಿಲ್ವದಹಳ್ಳಿಯವರೆಲ್ಲ ಒಮ್ಮೆ ಕಲ್ಲಿನ ಕಡೆ, ಒಮ್ಮೆ ಭಾವನ ಕಡೆ ನೋಡಿದರು. ಬೈರಪ್ಪ ಭಾವನ ಹತ್ತಿರ ಸರಿದು ಪಿಸುಗುಟ್ಟಿದ. “ಸುಮ್ಕಿರಣ್ಣಾ. ಯಾವ್ದೋ ಮದ್ವೆ ಮನೆ ಅನ್ನ ಅಂದ್ಬುಡಾನ. ನೀನು ಹೋದ್ರೆ ನಮ್ ತಕ್ಕಡಿ ಯಾರ್ ಹಿಡೀತಾರೆ?”

ಆ ಕ್ಷಣ ನಾನೂ ಅದನ್ನೇ ಬಯಸಿದೆ. ಸುಮ್ಮನಿರಲಿ ದೇವರೇ ಅಂದುಕೊಂಡೆ. ಅವರಿಗೆ ಈ ಕೆರೆ ಅಂದರೆ ಏನು ಅಂತ ನನಗೆ ಗೊತ್ತು. ಮನೆಯಲ್ಲಿ ಒಂದು ದಿನ ಪೂಜೆ ತಪ್ಪಿದರೂ ತಪ್ಪೀತು, ಏರಿಯ ಮೇಲಿನ ಸಂಜೆಯ ತಿರುಗಾಟ ತಪ್ಪಿದ್ದಿಲ್ಲ.

ಭಾವ ಬೈರಪ್ಪನ ಕೈ ಬಿಡಿಸಿಕೊಂಡು ಮುಂದೆ ಬಂದರು. ಮೂಗಿನ ಟವಲು ತೆಗೆದರು.

“ಅನ್ನ ನಮ್ಮನೇದು. ಸುರಿಸ್ದೋನು ನಾನೇ. ಮಿಕ್ಕಿದ್ದು ದಂಡ ಆಗ್ಬಾರ್ದು, ಮೀನಾರಾ ತಿನ್ಲಿ ಅಂತ ಮಾಡ್ದೆ. ಇಂಗಾಯ್ತದೆ ಅಂತ ಗೊತ್ತಿರ್ಲಿಲ್ಲ. ಆದ್ರೆ ಉಪ್ಪು ತಿಂದೋನು ನೀರು ಕುಡೀಲೇಬೇಕು. ಮಾತು ನಂದೇ, ಆಣೆ ನಂದೇ. ನಾನಿನ್ನು ಕೆರೆ ತಾವ ಬರಾಕಿಲ್ಲ. ಕರಾರು ಮಾತ್ರ ಮುರೀಬ್ಯಾಡ್ರಪ್ಪಾ, ನಿಮ್ ಕಾಲಿಗ್ ಬೀಳ್ತೀನಿ.”

ತಕ್ಕಡಿಯನ್ನು ಎತ್ತಿ ಗಂಗುಲಪ್ಪನ ಮುಂದೆ ಇಟ್ಟರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ನನಗೂ ತಡೆಯಲಾಗಲಿಲ್ಲ. ಒಳ್ಳೆಯದು ಮಾಡಲು ಹೋದವನಿಗೆ ಇದೇನು ಶಿಕ್ಷೆ ಅಂತ ಎಲ್ಲರ ಮೇಲೂ ಸಿಟ್ಟು ಬಂತು.

ಕುಂಟಪಲ್ಲಿಯವನೊಬ್ಬ ಹಿಂದಿನಿಂದ ಕೂಗಿದ. “ತಪ್ಪು ಕಾಣಿಕೆ ಕಟ್ಟಲಿ! ಒಂದು ಕಾಟ್ಲಾ ತಿನ್ನಿಸಿ ಸಾಮಿಗೆ!”

“ನೋರು ಮುಯ್ಯಿರಾ!” ಬಾಯಿ ಮುಚ್ಚು ಅಂತ ಗಂಗುಲಪ್ಪ ಗದರಿದ. ಆಮೇಲೆ ಕಲ್ಲಿನ ಹತ್ತಿರ ಹೋಗಿ ಬಗ್ಗಿ, ಆ ಹುಳಿತ ಅನ್ನವನ್ನು ಬಹಳ ಹೊತ್ತು ನೋಡಿದ. ಎದ್ದು ಬಂದು ಭಾವನ ಎದುರು ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆದರೆ ನಗುವೂ ಇರಲಿಲ್ಲ.

“ಇಷ್ಟು ಅನ್ನ ಮಿಕ್ಕಿತ್ತಾ ಸಾಮೀ?”

“ಊಂ ಕಣಪ್ಪಾ.”

“ಮಳೇಲಿ ನಿಮ್ಮ ಜೊತೆ ಒಂದು ಗೋಣಿ ಕೆಳಗೆ ಕೂತೋನು ನಾನು. ಈ ನೀರಿನ ಆಚೆ ದಡದಾಗೇ ಇದೀವಿ. ಒಂದು ಕೂಗು ಹಾಕಿದ್ದಿದ್ರೆ ಕೇಳಿಸ್ತಿತ್ತು. ಮೀನಿಗೆ ಇಕ್ಕೋ ಮೊದಲು ನಾವು ಜ್ಞಾಪಕಕ್ಕೆ ಬರಲಿಲ್ವಾ ಸಾಮೀ?”

ಭಾವ ಆಚೆ ದಡದ ಕಡೆ ತಿರುಗಿದರು. ಇಷ್ಟು ವರ್ಷದಿಂದ ಊರಿಗೆಲ್ಲ ದಾಸೋಹ ನಡೆಸುತ್ತ ಬಂದವರು ಅವರು. ಆ ಊರಿನ ಲೆಕ್ಕದಲ್ಲಿ ಆಚೆ ದಡ ಒಂದು ಸಲವೂ ಸೇರಿರಲಿಲ್ಲ. ಭಾವನಿಗೂ ಹೊಳೆದಿರಲಿಲ್ಲ, ಅಕ್ಕನಿಗೂ ಹೊಳೆದಿರಲಿಲ್ಲ, ಬಾಯಿ ಮುಚ್ಚದ ನನಗೂ ಹೊಳೆದಿರಲಿಲ್ಲ. ಜಾತಿ ಅಂತ ಯಾರೂ ಬಾಯಿ ಬಿಟ್ಟು ಹೇಳಿದ್ದಲ್ಲ. ಸುಮ್ಮನೆ, ಕರೆಯುವ ರೂಢಿ ಇರಲಿಲ್ಲ ಅಷ್ಟೆ.

“ತಪ್ಪಾಯ್ತು ಗಂಗುಲಪ್ಪಾ,” ಅಂದರು ಭಾವ. “ಮೀನು ಸತ್ತಿದ್ದಕ್ಕಿಂತ ದೊಡ್ ತಪ್ಪು ಇದು.”

ಗಂಗುಲಪ್ಪ ತಕ್ಕಡಿ ಎತ್ತಿದ. ಎತ್ತಿ ಭಾವನ ಕೈಗೇ ಇಟ್ಟ.

“ಬೇಕೂಂತ ಮಾಡಿದೋರಿಗೆ ಆಣೆ. ಇದು ಅನ್ನ ಇಕ್ಕೋಕೆ ಹೋಗಿ ಆದದ್ದು. ಯಾರೂ ನೋಡದೇ ಇದ್ದ ತಪ್ಪನ್ನ ನೀವೇ ಎದ್ದು ಹೇಳಿದ್ರಿ. ಇಂಥೋರನ್ನ ಬಿಟ್ಟು ಇನ್ಯಾರನ್ನ ಹುಡುಕ್ಕೊಂಡು ಹೋಗಾನಾ? ಏಮಪ್ಪಾ ಬೈರಪ್ಪಾ?”

“ನಾನೇನ್ ಬ್ಯಾಡ ಅಂದ್ನಾ?” ಅಂದ ಬೈರಪ್ಪ, ಮೂಗು ಸೀಟಿಕೊಳ್ಳುತ್ತ.

ಮಂಜುಶ್ರೀ ಎರಡೂ ಊರಿನವರನ್ನು ನೀರಿಗಿಳಿಸಿದಳು. ಕೊಳೆತ ಅನ್ನ ಎತ್ತಿಸಿದಳು, ಪಂಪು ತರಿಸಿ ಆ ಮೂಲೆಯ ನೀರನ್ನು ಮೇಲೆತ್ತಿ ಮತ್ತೆ ಕೆರೆಗೇ ಚಿಮ್ಮಿಸಿದಳು, ನೀರಿಗೆ ಗಾಳಿ ಸೇರಲಿ ಅಂತ. ದೊಣ್ಣೆ ಹಿಡಿದ ಕೈಗಳೇ ಬುಟ್ಟಿ ಹಿಡಿದವು. ಭಾವನೂ ಪಂಚೆ ಎತ್ತಿ ಕಟ್ಟಿ ಇಳಿದರು. ಆ ವಾರವೇ ಕರಾರು ಖಾಯಂ ಆಯಿತು. ಅದಕ್ಕೆ ಮಂಜುಶ್ರೀ ಒಂದು ಹೊಸ ಮಾತು ಸೇರಿಸಿದಳು: ಹಬ್ಬದ ಅಡುಗೆಯಾಗಲಿ ಪೂಜೆಯ ಹೂವಾಗಲಿ, ಎರಡೂ ದಡದವರು ಕೆರೆಗೆ ಏನನ್ನೂ ಸುರಿಯುವಂತಿಲ್ಲ. ಅದನ್ನು ಓದುವಾಗ ಅವಳು ಭಾವನ ಕಡೆ ನೋಡಿ ನಕ್ಕಳು. ಭಾವ ಟವಲು ಮೂಗಿಗೇರಿಸಿಕೊಂಡರು.

ಈ ವರ್ಷದ ಬಸವ ಜಯಂತಿಗೂ ಹೋಗಿದ್ದೆ. ಬೆಳಿಗ್ಗೆಯೇ ಭಾವ ಏರಿಯ ಮೇಲೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಆಚೆ ದಡಕ್ಕೆ ಕೂಗು ಹಾಕಿದರು. ಫೋನಿದೆಯಲ್ಲ ಭಾವ ಅಂದರೆ, “ಸುಮ್ಕಿರೋ, ಕೂಗ್ಬೇಕು ಅಂದಿದ್ದ ಅವ್ನು” ಅಂದರು. ಹರಿಗೋಲುಗಳು ತುಂಬಿ ಬಂದವು. ಹೆಂಗಸರು, ಮಕ್ಕಳು, ಮುದುಕರು. ಎರಡೂ ಊರಿನವರು ಒಂದೇ ಸಾಲಿನಲ್ಲಿ ಕೂತರು. ಅಕ್ಕ ಮೊದಮೊದಲು ಬಿಗುವಾಗಿದ್ದವಳು, ಗಂಗುಲಪ್ಪ ಮೂರನೇ ಸಲ ಚಿತ್ರಾನ್ನ ಕೇಳಿದ ಮೇಲೆ ಮೆತ್ತಗಾದಳು. ಬಡಿಸಲು ನಿಂತಿದ್ದ ನಮ್ಮ ಪಂಕ್ತಿಯ ಹೊತ್ತಿಗೆ ಅನ್ನ ಸಾಲದೆ ಮತ್ತೆ ಒಲೆ ಹಚ್ಚಬೇಕಾಯಿತು. ನನಗೆ ಹಸಿವಿನಲ್ಲಿ ಸಿಟ್ಟು ನೆತ್ತಿಗೇರಿತ್ತು.

ಎಲ್ಲರ ಊಟವಾದ ಮೇಲೆ ಭಾವ ಕೊಪ್ಪರಿಗೆಗಳ ಹತ್ತಿರ ಹೋಗಿ ಒಂದೊಂದರಲ್ಲೂ ಬಗ್ಗಿ ನೋಡಿದರು. ಕೊನೆಯದರ ತಳಕ್ಕೆ ಕೈ ಹಾಕಿ ತಡಕಿದರು. ಆಮೇಲೆ ಅದರ ಅಂಚಿಗೆ ಒರಗಿಕೊಂಡು ಉಸ್ಸಪ್ಪಾ ಅಂದು ಕೂತರು.

“ಒಂದಗುಳೂ ಮಿಕ್ಕಿಲ್ಲ ಕಣೋ ಪ್ರಭು.”

“ನೀವು ಉಂಡಿದ್ದೀರಾ ಭಾವ?” ಅಂತ ಕೇಳಿದೆ.

“ಇಲ್ಲ ಕಣೋ,” ಅಂದು, ಅವತ್ತು ಮೆಟ್ಟಿಲ ಮೇಲೆ ಕೂತು ನಕ್ಕ ಹಾಗೆಯೇ ನಕ್ಕರು.